ಕಂತಿನ ಮಂಚ

ಪ್ಯಾಂಟಿನ ಒಂದು ಕಾಲನ್ನು ಹಿಂಡಿ ಮುಗಿಸಿ ಅವಳು ಇನ್ನೊಂದಕ್ಕೆ ಕೈ ಹಾಕಿದ್ದಳಷ್ಟೇ, ಗಂಡ ಮಂಚದ ಕಾಲೊಂದನ್ನು ಕೂಸಿನಂತೆ ಎದೆಗವಚಿಕೊಂಡು ಒಳಗೆ ಬಂದ.

“ಬಂತು ನೋಡೇ, ನಾಲ್ಕನೇದು!”

“ಸಂಬಳ?”

“ಅದೂ ಬಂತು. ಬಂದ ದಾರೀಲೇ ಹೋಯ್ತು. ಬಾಡಿಗೆ ಕೊಟ್ಟೆ, ಕಿರಾಣಿ ಬಾಕಿ ತೀರಿಸಿದೆ, ಇದನ್ನ ತಂದೆ. ಉಳಿದದ್ದು ಇಷ್ಟು,” ಎಂದು ಜೇಬನ್ನು ಹೊರಗೆಳೆದು ತೋರಿಸಿದ. ಅದಕ್ಕೂ ತೂತು ಬಿದ್ದಿತ್ತು.

“ಬಿಡಿ, ಇದ್ದಿದ್ರೂ ನಿಲ್ತಿರಲಿಲ್ಲ.”

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಈ ಗಂಡ ಹೆಂಡತಿಗೆ ಹಾಸಿಗೆಯ ಮಾತು ಹಾಗಿರಲಿ, ಮಂಚದ ಕಾಲೇ ಒಂದೊಂದಾಗಿ ಮನೆಗೆ ಬರಬೇಕಾಯಿತು. ಅವನು ಮರದ ಸಾಮಾನಿನ ಅಂಗಡಿಯಲ್ಲಿ ಹೊರೆ ಹೊರುವವನು. ತೆಳ್ಳಗೆ ಉದ್ದಕ್ಕಿದ್ದುದರಿಂದ ಎಲ್ಲರ ಬಾಯಲ್ಲೂ ಅವನ ಹೆಸರು ಏಣಿ. ಗೀರು ಬಿದ್ದ ತುಂಡುಗಳನ್ನು ಸಂಬಳದ ದಿನ ಕೆಲಸಗಾರರಿಗೆ ಅಗ್ಗಕ್ಕೆ ಕೊಡುವುದು ಆ ಅಂಗಡಿಯ ಪದ್ಧತಿ. ಒಂದು ತಿಂಗಳು ತಲೆಹಲಗೆ ಬಂತು, ಇನ್ನೊಂದು ತಿಂಗಳು ಚೌಕಟ್ಟು ಬಂತು, ಆಮೇಲೆ ಕಾಲುಗಳ ಸರದಿ. ಗ್ಯಾಸ್ ಮುಗಿದ ತಿಂಗಳು ಕಾಲಿಲ್ಲ. ಚಪ್ಪಲಿ ಕಿತ್ತ ತಿಂಗಳೂ ಕಾಲಿಲ್ಲ. ಎಲ್ಲವೂ ಬಂದ ಹಾಗೆ ಗೋಡೆಗೆ ಒರಗಿಕೊಂಡು, ಕೆಲಸವಿಲ್ಲದ ನೆಂಟರಂತೆ ಇವರ ಮುಖ ನೋಡುತ್ತಿದ್ದವು.

ಇಷ್ಟೆಲ್ಲ ಅವಳ ಅಜ್ಜಿಗಾಗಿ. ತಾಯಿಯಿಲ್ಲದ ಅವಳನ್ನು ಎತ್ತಿ ಆಡಿಸಿ ಬೆಳೆಸಿದ ಜೀವ ಅದು. ಮದುವೆಯಾದ ಮೇಲೆ ಮೊಮ್ಮಗಳ ಮನೆಯನ್ನು ಇನ್ನೂ ನೋಡಿರಲಿಲ್ಲ. ಮಂಡಿನೋವಿನ ಅಜ್ಜಿ ನೆಲದ ಮೇಲೆ ಮಲಗಿದರೆ ಏಳಿಸಲು ಇಬ್ಬರು ಬೇಕು. ಜೊತೆಗೆ ಹಟ ಬೇರೆ: “ಫೋನಲ್ಲಿ ಕರೆದರೆ ಗಾಳಿಮಾತು ಕಣೇ. ಕೈಯಾರೆ ಬರೆದು ಕರಿ, ಆಗ ಬರ್ತೀನಿ.”

ಬರೆದದ್ದೂ ಆಗಿತ್ತು. ತಾರೀಕಿನ ಜಾಗ ಮಾತ್ರ ಖಾಲಿ. ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಲಕೋಟೆಗೆ ಅಂಟಿಸಿದ ಸ್ಟ್ಯಾಂಪನ್ನು ಅಲ್ಲಿನ ಹಬೆಗೆ ಹಿಡಿದು ಬಿಡಿಸಿ, ಗಂಡನ ಸಂಬಳ ಹೆಚ್ಚಿಸಿ ಎಂದು ಅವನ ಅಂಗಡಿಯ ಮಾಲೀಕರಿಗೆ ಬರೆದ ಅರ್ಜಿಗೆ ಹಚ್ಚಿದ್ದಳು. ಮಾಲೀಕರು ಉತ್ತರ ಬರೆಯಲಿಲ್ಲ. ಅವರ ಸ್ಟ್ಯಾಂಪಿಗೂ ಏನು ಕಷ್ಟವೋ. ಅಷ್ಟರಲ್ಲಿ, “ನನ್ನ ಮೊಮ್ಮಗಳಿಗೆ ಈ ಮುದುಕಿ ಬೇಡವಾದಳು” ಎಂದು ಅಜ್ಜಿ ಕಣ್ಣೊರೆಸಿಕೊಂಡ ಸುದ್ದಿ ಊರಿನಿಂದ ಬಂದಿತ್ತು.

“ಇವತ್ತು ಸಂಜೆ ಟಪಾಲಿನ ಗಾಡಿ ಬರೋದ್ರೊಳಗೆ ಕಾಗದ ಡಬ್ಬಿಗೆ ಬೀಳ್ಬೇಕು,” ಎಂದಳು. “ಬೇಗ ಜೋಡಿಸಿ.”

ಸುತ್ತಿಗೆಯ ಸದ್ದಿಗೆ ಎದುರುಮನೆ ದೊಡ್ಡಮ್ಮ ಬೈದಾಳು ಎಂದು ಏಣಿ ಬಾಗಿಲು ಹಾಕಿಕೊಂಡ. ಅಂಗಡಿಯಿಂದ ತಂದಿದ್ದ ಮರದ ಅಂಟನ್ನು ಎಲ್ಲ ಸಂದಿಗೂ ಧಾರಾಳವಾಗಿ ಸುರಿದು, ನಾಲ್ಕು ಕಾಲನ್ನೂ ಬಡಿದು ಕೂರಿಸಿದ. ಅಂಟು ಗಟ್ಟಿಯಾಗುವವರೆಗೆ ಇಬ್ಬರೂ ಎರಡು ಕಡೆ ಅಪ್ಪಿ ಹಿಡಿದು ಕೂತರು.

“ಇನ್ನು ಆನೆ ಎಳೆದರೂ ಬಿಡಲ್ಲ!”

ಮಂಚ ಅಲ್ಲಾಡಲಿಲ್ಲ. ಹೇಗೆ ಅಲ್ಲಾಡೀತು? ಈ ಗೋಡೆಯಿಂದ ಆ ಬಾಗಿಲಿನವರೆಗೆ ಬೆರಳು ತೂರದಂತೆ ತುಂಬಿಕೊಂಡಿತ್ತು. ಬಾಗಿಲೋ, ಒಳಮುಖವಾಗಿ ತೆರೆಯುವಂಥದ್ದು.

“ಅಳತೆ ನೋಡಿರಲಿಲ್ವೇನ್ರೀ?”

“ಪ್ರತಿ ಸಲ ನೋಡಿದ್ದೀನಿ ಕಣೇ. ಒಂದೊಂದು ತುಂಡೂ ಚೆನ್ನಾಗೇ ಹಿಡೀತಿತ್ತು.”

ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಬಾಗಿಲಿನ ಸಂದಿಗೆ ಬಾಯಿಟ್ಟು ಕೂಗಿದಳು, “ದೊಡ್ಡಮ್ಮಾ! ಸ್ವಲ್ಪ ಬನ್ನಿ! ಮಂಚ ಅಡ್ಡ ಬಂದು ಬಾಗಿಲು ತೆಗೆಯೋಕಾಗ್ತಿಲ್ಲ!”

ದೊಡ್ಡಮ್ಮ ಬಂದಳು. “ಏನಮ್ಮಾ, ಆಶ್ಚರ್ಯ! ತಿಂಗಳ ಕೊನೇಲಿ ಎಷ್ಟು ಬಡಿದರೂ ಒಳಗೆ ಉಸಿರಿರಲ್ಲ. ಇವತ್ತು ನೀವಾಗೇ ಕರೀತೀರಿ?”

ಒಳಗಿದ್ದ ಅವಳ ಮುಖ ಕೆಂಪಾಯಿತು. ಬಂದವರಿಗೆ ಟೀ ಕೊಡಲು ಸಕ್ಕರೆಯಿಲ್ಲದೆ ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ಕೂರುತ್ತಿದ್ದುದು ಬೀದಿಗೆಲ್ಲ ಗೊತ್ತಿತ್ತೇನೋ.

“ಸಕ್ಕರೆ ಇರಲಿಲ್ಲ ದೊಡ್ಡಮ್ಮ,” ಎಂದಳು ಕೊನೆಗೆ.

“ಅಯ್ಯೋ ಪೆದ್ದೀ! ನಾನು ಬರ್ತಿದ್ದದ್ದೇ ನಿಮ್ಮನೇಲಿ ಸಕ್ಕರೆ ಇದೆಯಾ ಅಂತ ಕೇಳೋಕೆ! ನಮ್ಮನೇಲೂ ಅದೇ ಕಥೆ.”

ಬಾಗಿಲಿನ ಎರಡು ಕಡೆಯೂ ನಗು ಎದ್ದಿತು. ಏಣಿ ಮಂಚದ ಮೇಲೆ ನಿಂತು ಒಳಗಿನಿಂದ ಬಾಗಿಲಿನ ಕೀಲುಗಳನ್ನು ಬಿಚ್ಚಿದ. ದೊಡ್ಡಮ್ಮ ಹೊರಗಿನಿಂದ ಬಾಗಿಲಿಗೆ ಭುಜ ಕೊಟ್ಟಳು. “ಮೆಲ್ಲಗೋ ಏಣಿಯಪ್ಪಾ, ನನ್ನ ಸೊಂಟ ಕಂತಿನಲ್ಲಿ ಸಿಗಲ್ಲ!”

ಬಾಗಿಲು ಕೈಗೆ ಬಂತು. ತಡಿಕೆ ಕಿತ್ತಂತೆ ಬೆಳಕು ಒಳಗೆ ನುಗ್ಗಿತು.

“ಕಳ್ಳರು ಬಂದ್ರೆ?” ಎಂದ ಏಣಿ.

“ನಮ್ಮನೆಗೆ ಬಂದ ಕಳ್ಳ ಅಯ್ಯೋ ಪಾಪ ಅಂತ ಏನಾದ್ರೂ ಇಟ್ಟು ಹೋಗ್ತಾನೆ. ಸುಮ್ನಿರಿ.”

ಅವಳು ಹಳೆಯ ಕಾಗದ ತೆಗೆದಳು. ತಾರೀಕಿನ ಖಾಲಿ ಜಾಗ ಈ ತಿಂಗಳೂ ಅವಳನ್ನು ನೋಡಿ ಹಲ್ಲು ಕಿರಿಯಿತು. ಎಲ್ಲ ಸರಿಹೋದ ಮೇಲೆ ಎಂದು ಕೂತರೆ ಮುಂದಿನ ಸಂಬಳಕ್ಕೆ ಬಾಗಿಲು ಬೇಕಾದೀತು, ಅದರ ಮುಂದಿನದಕ್ಕೆ ಇನ್ನೇನೋ. ಅಜ್ಜಿಯ ವಯಸ್ಸು ಕಂತಿಗೆ ಕಾಯುವುದಿಲ್ಲ. ಆ ಜಾಗದಲ್ಲೇ ಬರೆದಳು: “ಯಾವತ್ತಾದರೂ ಬಾ ಅಜ್ಜಿ. ಮಂಚ ಇದೆ, ಬಾಗಿಲಿಲ್ಲ. ಸಕ್ಕರೆ ಇದ್ದರೆ ಇದೆ.”

ಒಮ್ಮೆ ಅಂಟಿಸಿ ಕಿತ್ತ ಲಕೋಟೆಯ ಮೇಲೆ ದೊಡ್ಡಮ್ಮ ತಂದುಕೊಟ್ಟ ಸ್ಟ್ಯಾಂಪು ನಿಲ್ಲಲಿಲ್ಲ. ಏಣಿ ಅದಕ್ಕೆ ಉಳಿದಿದ್ದ ಮಂಚದ ಅಂಟನ್ನು ಬೆರಳಲ್ಲಿ ಹಚ್ಚಿ ಒತ್ತಿದ. “ಇನ್ನು ನಿನ್ನ ಲಾಂಡ್ರಿಯ ಹಬೆಯೇನು, ಆನೆ ಎಳೆದರೂ ಬರಲ್ಲ.”

ಅವಳು ಮಂಚ ಹತ್ತಿ, ಹೊಸಿಲ ಆಚೆ ಜಿಗಿದು, ಅಂಟಾದ ಕೈ ಸೆರಗಿಗೆ ಒರೆಸಿಕೊಳ್ಳುತ್ತ ಓಡಿದಳು. ಬೀದಿಯ ತಿರುವಿನಲ್ಲಿ ಟಪಾಲಿನವನು ಆಗಲೇ ಡಬ್ಬಿಯ ಬೀಗ ತೆಗೆಯುತ್ತಿದ್ದ. “ನಿಲ್ಲಣ್ಣಾ!” ಎಂದು ಕೂಗಿ ಅವನ ಚೀಲದೊಳಗೇ ಕಾಗದವನ್ನು ಹಾಕಿದಳು. ಬೆರಳಿಗೆ ಸ್ವಲ್ಪ ಅಂಟಿಕೊಂಡಿತು. ಕೊಡವಿದಳು, ಬಿದ್ದಿತು.