ನನ್ನ ಪುಡಿ ತಿಂದ ಮೀನುಗಳು

ಅರ್ಧ ಗೊತ್ತಿರುವ ವಿಷಯದ ಮೇಲೆ ನಾನು ಬಹಳ ಚೆನ್ನಾಗಿ ಮಾತಾಡುತ್ತೇನೆ. ಬಣಕಲ್‌ನಲ್ಲಿ ನಡೆದ ಕಾಫಿ ಬೆಳೆಗಾರರ ಸಭೆಯಲ್ಲಿ, ನುಗ್ಗೆಸೊಪ್ಪು, ಬೆಳ್ಳುಳ್ಳಿ, ಅರಿಶಿನ ಒಣಗಿಸಿ ಪುಡಿ ಮಾಡಿ ಮೀನಿನ ತಿಂಡಿಗೆ ಬೆರೆಸಿದರೆ ಕ್ಯಾಟ್‌ಫಿಶ್ ಹೇಗೆ ಬೆಳೆಯುತ್ತದೆಂದು ಊಟದ ಹೊತ್ತು ಮೀರುವವರೆಗೂ ಕೊರೆದೆ. ಸಾಕ್ಷಿಗೆ ಫೋನಿನಲ್ಲಿ ಫೋಟೊ ಇತ್ತು: ನಮ್ಮ ಎಸ್ಟೇಟ್ ಕೆರೆಯ ಮೀನು, ಮೀಸೆ ಸಮೇತ, ನನ್ನ ಮೊಣಕೈ ಉದ್ದ.

ತಿಂಡಿ ಎಸೆದಾಗ ಮೇಲೆ ಬರುತ್ತಿದ್ದವೂ ಅಂಥ ದೊಡ್ಡವೇ. ಸಣ್ಣವು ಎಲ್ಲಿ ಹೋದವು ಎಂದು ಯಾರಾದರೂ ಯೋಚಿಸಬೇಕಿತ್ತು. ನಾನು ಎಲ್ಲವೂ ದೊಡ್ಡವಾಗಿವೆ ಎಂದುಕೊಂಡೆ.

ಅಷ್ಟರಲ್ಲಿ ಮಗಳು ಕವನಾಳ ಮದುವೆ ಗೋಣಿಬೀಡಿನ ಚನ್ನಕೇಶವ ಗೌಡರ ಮಗನೊಂದಿಗೆ ಗೊತ್ತಾಯಿತು. ಬೀಗರೂಟಕ್ಕೆ ನಮ್ಮ ಕೆರೆಯ ಮೀನೇ ಎಂದು ಸಾರಿಬಿಟ್ಟೆ.

"ಕೋಳಿಗೂ ಒಂದ್ ಮಾತು ಹೇಳಿಡಿ," ಎಂದಳು ಹೆಂಡತಿ ರುಕ್ಮಿಣಿ.

ತೋಟಕ್ಕೆ ವೆನಿಲ್ಲಾ ಬಳ್ಳಿ ಹಾಕಿದಾಗಲೂ ಇವಳು ಹೀಗೇ ಅಡ್ಡ ಮಾತಾಡಿದ್ದಳು. ವೆನಿಲ್ಲಾದಲ್ಲಿ ದುಡ್ಡು ಮುಳುಗಿತು ನಿಜ, ಆದರೆ ಅಡ್ಡ ಮಾತು ಅಡ್ಡ ಮಾತೇ. ಮಗಳು ಮನೆ ಬಿಟ್ಟು ಹೋಗುವ ಮುಂಚೆ ಅವಳ ಕಣ್ಣ ಮುಂದೆ ಒಮ್ಮೆಯಾದರೂ ಗೆಲ್ಲಬೇಕೆಂದು ನನಗೆ ತುಂಬಾ ಆಸೆಯಿತ್ತು.

ಬೀಗರೂಟದ ಹಿಂದಿನ ದಿನ ಕೆರೆಗೆ ಬಲೆ ಬಿತ್ತು. ಸಾವಿರ ಮರಿ ಬಿಟ್ಟ ಕೆರೆಯಿಂದ ಒಂದು ಬುಟ್ಟಿ ಮೀನು ಬಂತು. ಎಲ್ಲವೂ ರಾಕ್ಷಸ ಗಾತ್ರದವು. ಕಳ್ಳರ ಕೆಲಸ ಎಂದೆ. ನೀರುನಾಯಿ ಎಂದೆ. ರುಕ್ಮಿಣಿ ಎಲ್ಲಕ್ಕಿಂತ ದೊಡ್ಡದರ ಹೊಟ್ಟೆ ಸೀಳಿದಳು. ಒಳಗೆ ಇನ್ನೊಂದು ಮೀನು ಇಡಿಯಾಗಿ ಮಲಗಿತ್ತು.

"ನಿಮ್ಮ ಪುಡಿ ಇಲ್ಲಿದೆ ನೋಡಿ," ಎಂದಳು.

ಈ ಜಾತಿಯಲ್ಲಿ ದೊಡ್ಡವು ಸಣ್ಣವನ್ನು ನುಂಗುತ್ತವೆ, ಆಗಾಗ ಹಿಡಿದು ಗಾತ್ರ ನೋಡಿ ಬೇರೆ ಮಾಡಬೇಕು ಎಂದು ಮರಿ ಕೊಟ್ಟವನು ಹೇಳಿದ್ದ. ನಾನು ಆಗ ಅವನಿಗೇ ನುಗ್ಗೆಸೊಪ್ಪಿನ ಬಗ್ಗೆ ಪಾಠ ಹೇಳುತ್ತಿದ್ದೆ. ಕಾಫಿ ಬೀಜವನ್ನು ದಪ್ಪ ಸಣ್ಣ ಎಂದು ಜರಡಿ ಹಿಡಿಯದೆ ಒಂದು ವರ್ಷವೂ ಮಾರಿದವನಲ್ಲ ನಾನು. ಮೀನಿಗೆ ಮಾತ್ರ ಆ ಬುದ್ಧಿ ಓಡಲಿಲ್ಲ. ಪುಡಿ ಕೆಲಸ ಮಾಡಿತೋ ಇಲ್ಲವೋ ಹೇಳಲು ಸಾಕ್ಷಿಗಳೂ ಉಳಿದಿರಲಿಲ್ಲ.

ಊಟಕ್ಕೆ ಕೋಳಿ ಬಂತು. ರುಕ್ಮಿಣಿ ಮೊದಲೇ ಹೇಳಿಟ್ಟಿದ್ದಳು. ಮೀನು ಬೀಗರ ಪಂಕ್ತಿಗೆ ಮಾತ್ರ ಸಾಕಾಯಿತು.

ಚನ್ನಕೇಶವ ಗೌಡರು ಮುಳ್ಳು ಬಿಡಿಸುತ್ತಾ ಇಡೀ ಪಂಕ್ತಿಗೆ ಕೇಳುವಂತೆ ಹೇಳಿದರು: "ಬೀಗ್ರೇ, ಬಣಕಲ್‌ನಲ್ಲಿ ನಿಮ್ಮ ಭಾಷಣ ಕೇಳಿ ನಾನೂ ಕೆರೆಗೆ ಮರಿ ಬಿಟ್ಟಿದೀನಿ. ನಿಮ್ದೇ ಪುಡಿ ಹಾಕ್ತಿರೋದು. ಒಂದೆರಡು ಭಾರೀ ಬೆಳೆದಾವೆ ಮಾರಾಯ್ರೇ! ಇನ್ನು ಆ ಕೆರೆ ಉಸ್ತುವಾರಿ ನಮ್ಮ ಸೊಸೇದೇ."

ಎಲ್ಲರೂ ನನ್ನತ್ತ ಮೆಚ್ಚುಗೆಯಿಂದ ನೋಡಿದರು. ಜನ್ಮದಲ್ಲಿ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಕವನಾಳ ಮುಖವೂ ಅರಳಿತ್ತು. ಸುಮ್ಮನಿದ್ದರೆ ಮರ್ಯಾದೆ ನನ್ನದು, ನಾಳೆ ಬರಿದಾಗುವ ಕೆರೆ ಅವಳದು. ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿದೆ.

"ಬೀಗ್ರೇ, ಅವು ಪುಡಿ ತಿಂದು ಬೆಳೆದಿದ್ದಲ್ಲ. ಒಡಹುಟ್ಟಿದೋರನ್ನ ತಿಂದು ಬೆಳೆದಿರೋದು. ನಮ್ಮ ಕೆರೆ ಪೂರ್ತಿ ಖಾಲಿ."

ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಗೌಡರು ನಗಲಿಲ್ಲ. ಎದ್ದು ಕೈ ತೊಳೆದು ಜೀಪು ಹತ್ತಿದರು. "ಬನ್ನಿ, ನೀವೂ ಬನ್ನಿ!" ಎಂದು ನನ್ನನ್ನು ಗದರಿದರು. ಕವನಾ ರೇಷ್ಮೆ ಸೀರೆಯಲ್ಲೇ ಹಿಂದೆ ಹತ್ತಿದಳು.

ಗೋಣಿಬೀಡಿನ ಕೆರೆಯಲ್ಲಿ ನಾವಿಬ್ಬರು ಬೀಗರು ಜರಿಪಂಚೆ ಎತ್ತಿ ಕಟ್ಟಿ ಸೊಂಟದವರೆಗೆ ಇಳಿದು ಬಲೆ ಎಳೆದೆವು. ದಡದಲ್ಲಿ ಮಗಳು ಕೂತು ದೊಡ್ಡವನ್ನು ಒಂದು ಡ್ರಮ್ಮಿಗೆ, ಸಣ್ಣವನ್ನು ಇನ್ನೊಂದಕ್ಕೆ ಹಾಕತೊಡಗಿದಳು.

"ಅಪ್ಪಾ, ಸಣ್ಣವು ಇನ್ನೂ ಬೇಕಾದಷ್ಟು ಇದಾವೆ!" ಎಂದು ಕೂಗಿದಳು.

ನನಗೆ ಅಳು ಬಂತು. ಬೀಗರು ನೋಡುವ ಮೊದಲೇ ಮುಖಕ್ಕೆ ಕೆರೆಯ ನೀರು ಎರಚಿಕೊಂಡೆ.