ಗ್ಯಾಲರಿಯಲ್ಲಿ ತೂಗಿದ ಮೆಂತೆ

ಸಾತವ್ವ ತನ್ನ ಜೀವಮಾನದಲ್ಲಿ ತಪ್ಪಲ ಪಲ್ಯ ಕೊಂಡವಳಲ್ಲ. ಪಾರಿಶ್ವಾಡದ ಹೊಲಕ್ಕೆ ಹೋದರೆ ಮೆಂತೆ, ರಾಜಗಿರಿ, ಪುಂಡಿ ಉಡಿ ತುಂಬ ಸಿಗುತ್ತಿತ್ತು. ಸಂತೆಯಲ್ಲಿ ಸೊಪ್ಪು ಕೊಳ್ಳುವವರನ್ನು ಕಂಡರೆ ಅವಳಿಗೆ ಅಯ್ಯೋ ಪಾಪ ಅನಿಸುತ್ತಿತ್ತು. ಗಂಡ ನಾಗಲಿಂಗ ತೀರಿಕೊಂಡ ಮೇಲೆ ಹೊಲವನ್ನು ಲಾವಣಿಗೆ, ಅಂದರೆ ಗೇಣಿಗೆ ಕೊಟ್ಟು, ಬೆಳಗಾವಿಯ ವಡಗಾವಿಯಲ್ಲಿದ್ದ ಮಗ ಶಿವಲಿಂಗನ ಬಾಡಿಗೆ ಕೋಣೆಗೆ ಬಂದಳು. ಹೊಲ ಬಿಟ್ಟಳು, ಹೊಲದವಳೆಂಬ ಬಿಂಕ ಮಾತ್ರ ಬಿಡಲಿಲ್ಲ. ಓಣಿಗೆ ಸೊಪ್ಪಿನ ಗಾಡಿ ಬಂದರೆ ಮುಖ ತಿರುಗಿಸುವಳು. ಸೊಸೆ ಸಪ್ನಾ ಚೀಲ ಹಿಡಿದು ಹೊರಟರೆ, ಒಕ್ಕಲುತನದ ಮನೆಯವರು ಎಲೆಗೆ ದುಡ್ಡು ಕೊಡುವುದೇ ಎಂದು ತಡೆಯುವಳು. ಹೀಗಾಗಿ ಆ ಮನೆಯಲ್ಲಿ ಇವತ್ತು ಬೇಳೆ, ನಾಳೆ ಬಟಾಟಿ, ನಾಡಿದ್ದು ಮತ್ತೆ ಬೇಳೆ.

ಹೋದ ವರ್ಷ ಸಪ್ನಾಳ ಮೊದಲ ಕೂಸು ದಿನ ತುಂಬುವ ಮೊದಲೇ ಹುಟ್ಟಿತು, ಉಳಿಯಲಿಲ್ಲ. ತಾಯಿಯ ಮೈಯಲ್ಲಿ ರಕ್ತ ಬಹಳ ಕಡಿಮೆ ಇತ್ತೆಂದು ಡಾಕ್ಟರು ಹೇಳಿದರು. ತೊಟ್ಟಿಲಿಗೆಂದು ಶಿವಲಿಂಗ ಮಾಳಿಗೆಗೆ ಬಿಗಿದಿದ್ದ ಕಬ್ಬಿಣದ ಕೊಂಡಿ ಖಾಲಿಯೇ ಉಳಿಯಿತು. ಆ ಮನೆಯಲ್ಲಿ ಯಾರೂ ಅದರ ಕಡೆ ತಲೆ ಎತ್ತಿ ನೋಡುತ್ತಿರಲಿಲ್ಲ.

ಈಗ ಸಪ್ನಾ ಮತ್ತೆ ಬಸುರಿ. ಬೆಳಗಾವಿಯ ಜಿಟಿಜಿಟಿ ಮಳೆ ಬಿಡದೆ ಹಿಡಿದಿತ್ತು. ಎರಡನೆಯ ಮಹಡಿ ಹತ್ತುವಾಗ ಅವಳು ಅರ್ಧಕ್ಕೇ ಗೋಡೆ ಹಿಡಿದು ಕುಳಿತುಬಿಡುತ್ತಿದ್ದಳು. ಆಸ್ಪತ್ರೆಯ ನರ್ಸ್ ಬಸವಣ್ಣೆವ್ವ ರಕ್ತ ನೋಡಿ ಗುಳಿಗೆ ಕೊಟ್ಟರು. ಗುಳಿಗೆ ತಪ್ಪಿಸಬಾರದು, ಜೊತೆಗೆ ದಿನಾ ಹಸಿರು ತಪ್ಪಲ ತಿನ್ನಬೇಕು, ಅದಕ್ಕೆ ಲಿಂಬೆ ಹಿಂಡಿಕೊಳ್ಳಬೇಕು ಎಂದು ಸಾತವ್ವನ ಕಡೆಗೇ ನೋಡಿ ಹೇಳಿದರು.

ಬಾಜು ಮನೆಯ ಪೂರ್ಣಿಮಾ ಮಹಿಳಾ ಸಂಘದಲ್ಲಿ ಕಲಿತು, ತನ್ನ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಎಣ್ಣೆ ಡಬ್ಬಿಗಳನ್ನು ತೂಗುಹಾಕಿ ಸೊಪ್ಪು ಬೆಳೆಯುತ್ತಿದ್ದಳು. ನೀವೂ ಹಾಕಿ ಎಂದಾಗ ಸಾತವ್ವನಿಗೆ ನಗು ಬಂತು.

“ಗಾಳ್ಯಾಗ ಯಾರರೆ ಬೆಳಿ ತಗದಾರೇನ ತಂಗಿ? ಬೆಳಿಗೆ ನೆಲಾ ಬೇಕು.”

“ಬೇರಿಗೆ ಗೇಣುದ್ದ ಮಣ್ಣು ಸಾಕ್ರಿ ಆಯಿ. ಅದು ನೆಲದಾಗ ಐತೋ ಗಾಳ್ಯಾಗ ಐತೋ ಅಂತ ಮೆಂತೆ ಕೇಳೂದಿಲ್ಲ.”

ಮಾತು ಒಳಗೆಲ್ಲೋ ನಾಟಿತು. ಗಂಡನ ಎರಡನೆಯ ವರ್ಷದ ಕಾರ್ಯಕ್ಕೆ ಊರಿಗೆ ಹೋದವಳು ಹೊಲದ ಕಪ್ಪು ಎರೆ ಮಣ್ಣನ್ನೇ ಒಂದು ಚೀಲ ತುಂಬಿ, ಮನೆಯಲ್ಲಿದ್ದ ಹಳೆಯ ಡಬ್ಬಿಗಳನ್ನೂ ಕಟ್ಟಿಕೊಂಡು, ಖಾನಾಪುರದಲ್ಲಿ ಬಸ್ಸು ಬದಲಿಸಿ ಹೊತ್ತು ತಂದಳು. ನಾಗಲಿಂಗ ಜೀವ ಇರುವ ತನಕ ಹರಗಿದ ಮಣ್ಣು ಅದು. ಅದಕ್ಕಿಂತ ಒಳ್ಳೆಯ ಮಣ್ಣು ಭೂಮಿಯ ಮೇಲೆ ಇದೆಯೆಂದರೆ ಅವಳು ನಂಬುವವಳಲ್ಲ. ಮೂರು ಡಬ್ಬಿಗೆ ಕಂಠಮಟ್ಟ ತುಂಬಿ, ಮೆಂತೆ ಕಾಳು ಊರಿ, ಬಟ್ಟೆ ಒಣಹಾಕುವ ಹಗ್ಗದಿಂದ ತಮ್ಮ ಗ್ಯಾಲರಿಯಲ್ಲಿ ತೂಗಿಬಿಟ್ಟಳು. ಅಡಿಯಲ್ಲಿ ತೂತು ಬೇಕು, ಬರೀ ಎರೆ ಮಣ್ಣು ಭಾರವಾಗುತ್ತದೆ ಎಂದು ಪೂರ್ಣಿಮಾ ಹೇಳಿದಳು. ನನಗೆ ಒಕ್ಕಲುತನ ಕಲಿಸಬೇಡ ಎಂದು ಸಾತವ್ವ ಬಾಯಿ ಮುಚ್ಚಿಸಿದಳು.

ಎರೆ ಮಣ್ಣಿನ ಗುಣ ಒಕ್ಕಲಗಿತ್ತಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಬಿಂಕ ಬಂದರೆ ಗೊತ್ತಿದ್ದದ್ದೂ ಮರೆತುಹೋಗುತ್ತದೆ. ಮಣ್ಣು ಮಳೆನೀರು ಕುಡಿಯಿತು, ಉಬ್ಬಿತು. ನೀರು ಹೋಗಲು ದಾರಿಯಿಲ್ಲದೆ ಮೆಂತೆಯ ಮೊಳಕೆ ಕೊಳೆಯಿತು. ಒಂದು ಮಧ್ಯಾಹ್ನ ಸಪ್ನಾ ಆ ಡಬ್ಬಿಗಳ ಕೆಳಗೇ ಕುಳಿತು ಅಕ್ಕಿ ಆರಿಸುತ್ತಿದ್ದಳು. ಒಲೆಯ ಮೇಲೆ ಹಾಲು ಉಕ್ಕಿತೆಂದು ಎದ್ದು ಒಳಗೆ ಹೋದಳಷ್ಟೇ, ಹಗ್ಗ ಹರಿದು ಒಂದು ಡಬ್ಬಿ ಅವಳು ಕುಳಿತಿದ್ದ ಜಾಗಕ್ಕೇ ಬಿತ್ತು. ಮೊರ ಮುರಿಯಿತು, ಅಕ್ಕಿಯೆಲ್ಲ ಕೆಸರಾಯಿತು.

ಸಪ್ನಾ ಹೊರಗೆ ಬಂದಳು. ಕುಳಿತು ಕೆಸರಿನಿಂದ ಅಕ್ಕಿ ಹೆಕ್ಕತೊಡಗಿದಳು. ಒಂದು ಮಾತು ಬೈದಿದ್ದರೆ ಸಾತವ್ವನ ಜೀವ ಹಗುರಾಗುತ್ತಿತ್ತು. ಸೊಸೆಯ ಪಕ್ಕಕ್ಕೆ ಬಂದು ಅವಳ ಕೈ ಹಿಡಿದಳು.

“ಬಿಡವಾ, ಏಳು,” ಎಂದಳು. “ಹೋದ ಕೂಸಿದ್ದಾಗ ನಿನಗ ತಪ್ಪಲಾ ತಿನ್ನಗೊಡಲಿಲ್ಲ ನಾನು. ಈ ಕೂಸಿನ ಮ್ಯಾಲೆ ಡಬ್ಬಿ ಕೆಡವಾಕಿ ಇದ್ನಿ. ನನ್ನ ಬಿಂಕಕ್ಕ ಬೆಂಕಿ ಹತ್ತಲಿ.”

ಅವತ್ತೇ ಸಂಜೆ ಸೊಪ್ಪಿನ ಗಾಡಿ ಬಂದಾಗ ಮಳೆಯಲ್ಲೇ ಕೆಳಗಿಳಿದು ಹೋದಳು. ಹುಟ್ಟಿದಾಗಿನಿಂದ ಮೊದಲ ಸಲ ಎರಡು ಸೂಡು ಮೆಂತೆ ಕೊಂಡಳು. ಮೆಟ್ಟಿಲು ಹತ್ತುವಾಗ ಅವಳ ಕಣ್ಣು ತುಂಬಿತ್ತು.

ಉಳಿದ ಮಣ್ಣನ್ನು ಚೆಲ್ಲಲು ಹೊರಟವಳನ್ನು ಪೂರ್ಣಿಮಾ ತಡೆದಳು. ಆ ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಒಂದು ಪಾಲು ಕೂಡಿಸಿದಳು. ಮೊಳೆ ಕಾಸಿ ಡಬ್ಬಿಗಳ ತಳಕ್ಕೆ ಐದಾರು ತೂತು ಹಾಕಿದಳು. ಊರಿನಿಂದ ತಂದ ಡಬ್ಬಿಗಳಲ್ಲಿ ಬೆಳೆಗೆ ಔಷಧ ಹೊಡೆಯುವ ಕ್ಯಾನೂ ಒಂದಿತ್ತು. ಎಷ್ಟು ತೊಳೆದರೂ ಅದರಲ್ಲಿ ವಿಷ ಉಳಿದಿರುತ್ತದೆ ಎಂದು ಅದನ್ನು ಬೇರೆ ಇಟ್ಟಳು. ಗ್ಯಾಲರಿಯಲ್ಲಿ ಬಿಸಿಲು ಬೀಳುವ ಮೂಲೆ ಹುಡುಕಿದಳು, ಕೆಳಗೆ ಯಾರೂ ಕೂಡದಂಥ ಜಾಗ.

ಗಟ್ಟಿ ಕೊಂಡಿ ಬೇಕಾಯಿತು. ಶಿವಲಿಂಗ ನಟ್ಟು ಬಿಚ್ಚುವ ಪಾನಾ ಹಿಡಿದು ಒಳಗೆ ಹೋದ, ಮಾಳಿಗೆಯ ಕೊಂಡಿ ಬಿಚ್ಚಲು ಕೈ ಎತ್ತಿದ.

“ಅದನ್ನ ಮುಟ್ಟಬ್ಯಾಡ,” ಎಂದಳು ಸಾತವ್ವ. “ಅದು ತೊಟ್ಟಲಾದ್ದು ಐತಿ.”

ಶಿವಲಿಂಗ ಕೈ ಇಳಿಸಿದ. ಪೇಟೆಗೆ ಹೋಗಿ ಬೇರೆ ಕೊಂಡಿ, ದಪ್ಪ ತಂತಿ ತಂದು ಬಿಗಿದ, ಒಂದೊಂದಕ್ಕೂ ಜೋತುಬಿದ್ದು ನೋಡಿದ.

ಮೆಂತೆ ತಿಂಗಳೊಳಗೆ ಕೈಗೆ ಬಂತು, ರಾಜಗಿರಿ ಅದರ ಹಿಂದೆ. ಡಬ್ಬಿಯ ಬೆಳೆ ಮನೆಗೆಲ್ಲ ಸಾಲದು, ಸಾಲದ್ದನ್ನು ಸಾತವ್ವ ಗಾಡಿಯವನ ಹತ್ತಿರ ಕೊಳ್ಳುತ್ತಾಳೆ. ಸಪ್ನಾಳ ರಕ್ತ ಸ್ವಲ್ಪ ಏರಿದೆ. ಇನ್ನೂ ಏರಬೇಕು, ಗುಳಿಗೆ ಬಿಡಬೇಡಿ ಎಂದಿದ್ದಾರೆ ಬಸವಣ್ಣೆವ್ವ. ಮಳೆ ಇನ್ನೂ ಬಿಟ್ಟಿಲ್ಲ, ಸಾತವ್ವನ ಅಂಜಿಕೆಯೂ ಹೋಗಿಲ್ಲ. ಬೆಳಗ್ಗೆ ಎದ್ದು ಡಬ್ಬಿಗಳನ್ನು ಮುಟ್ಟಿ ನೋಡುತ್ತಾಳೆ, ಮೇಲಿನ ಮಣ್ಣು ಒಣಗಿದ್ದರೆ ಮಾತ್ರ ನೀರು ಹಾಕುತ್ತಾಳೆ. ಆಮೇಲೆ ಒಳಗೆ ಬಂದು, ಈಗೀಗ, ತಲೆ ಎತ್ತಿ ಆ ಕೊಂಡಿಯನ್ನೂ ನೋಡುತ್ತಾಳೆ.

ಅಕ್ಕಂದಿರೇ, ಆಯಿಗಳೇ, ನೆಲವಿಲ್ಲವೆಂದು ಕೈಕಟ್ಟಿ ಕೂಡಬೇಡಿ. ಒಂದು ಎಣ್ಣೆ ಡಬ್ಬಿಗೆ ಇವತ್ತೇ ತೂತು ಹಾಕಿ, ಹಗುರ ಮಣ್ಣು ತುಂಬಿ, ಗಟ್ಟಿಯಾಗಿ ತೂಗಿಹಾಕಿ. ಅದು ಬೆಳೆಯುವ ತನಕ ಸೊಪ್ಪು ಕೊಳ್ಳದೆ ಗಾಡಿಯನ್ನು ಮುಂದೆ ಕಳಿಸಬೇಡಿ. ಮನೆಯಲ್ಲಿ ಬಸುರಿ ಇದ್ದರೆ ಮೊದಲ ತುತ್ತು ಅವಳಿಗೆ ಬಡಿಸಿ. ಸಾತವ್ವನ ಮನೆಯ ಕೊಂಡಿ ಇನ್ನೂ ಖಾಲಿ ಇದೆ. ನಿಮ್ಮ ಮನೆಯದು ಖಾಲಿ ಉಳಿಯದಿರಲಿ.