ಕೆಂಪು ಕ್ರಿಸ್ಟಲ್

ವೇಲಚೇರಿಯ ಫ್ಲಾಟಿನ ಅಟ್ಟದಿಂದ, ಹಳೇ ಬೆಡ್‌ಶೀಟಿನಲ್ಲಿ ಸುತ್ತಿಟ್ಟಿದ್ದ ಟ್ರಾನ್ಸ್‌ಮಿಟರನ್ನು ಸುಮೇಧಾ ಕೆಳಗಿಳಿಸಿದಾಗ ಅವಳ ಅಪ್ಪ ಪಂಢರಿನಾಥರು ಬೇಡವೆನ್ನಲಿಲ್ಲ. ನಲವತ್ತು ವರ್ಷಗಳಿಂದ ಅವರು ಅದನ್ನು ಮುಟ್ಟಿರಲಿಲ್ಲ. ಬಂದರಿನಲ್ಲಿ ಇಂಜಿನಿಯರಾಗಿದ್ದು ರಾಯಪುರಂನಲ್ಲಿ ವಾಸವಿದ್ದ ದಿನಗಳಲ್ಲಿ ಅವರಿಗೆ ಈ ರೇಡಿಯೊ ಸೆಟ್ ಹಿಡಿದು ನೆಲದಿಂದಲೇ ಮಾಡೆಲ್ ವಿಮಾನ ಹಾರಿಸುವ ಹುಚ್ಚು. ೧೯೮೪ರ ಒಂದು ಭಾನುವಾರ ತಾಂಬರಂ ಆಚೆಯ ಮೈದಾನದಲ್ಲಿ ಅವರ ವಿಮಾನ ಹಿಡಿತ ತಪ್ಪಿ, ನೋಡುತ್ತ ನಿಂತಿದ್ದ ಮಹದೇವನ ತಲೆಗೆ ಬಂದು ಬಡಿಯಿತು. ಮೂರನೇ ದಿನ ಅವನು ಸತ್ತ. ಇಪ್ಪತ್ತೆರಡು ವರ್ಷದ ಮಹದೇವ, ಪಂಢರಿನಾಥರ ಗೆಳೆಯ ಹರಿಹರನ ತಮ್ಮ.

ನನ್ನ ಕೈಯೇ ತಪ್ಪಿತು ಎಂದು ಪಂಢರಿನಾಥರು ಎಲ್ಲರೆದುರು ಒಪ್ಪಿಕೊಂಡಿದ್ದರು. ಹರಿಹರ ಮಾತ್ರ ಗೆಳೆತನ ಬಿಡಲಿಲ್ಲ. ಇವತ್ತಿಗೂ ಭಾನುವಾರ ಕಾಫಿಗೆ ಬರುತ್ತಾರೆ. ಅಂಥ ದೊಡ್ಡ ಮನಸ್ಸು ಯಾರಿಗುಂಟು ಎಂದು ಸುಮೇಧಾಳ ಅಮ್ಮ ಬದುಕಿದ್ದಷ್ಟು ದಿನವೂ ಹೇಳುತ್ತಿದ್ದರು.

ಶೋಳಿಂಗನಲ್ಲೂರಿನ ಕಂಪನಿಯೊಂದರಲ್ಲಿ ಎಲೆಕ್ಟ್ರಾನಿಕ್ಸ್ ಇಂಜಿನಿಯರಾದ ಸುಮೇಧಾ, ಹೊರಗಿನ ಅಲ್ಯೂಮಿನಿಯಂ ಪೆಟ್ಟಿಗೆ, ಎರಡು ಸ್ಟಿಕ್ಕು, ಉದ್ದನೆಯ ಏರಿಯಲ್ ಹಾಗೇ ಉಳಿಸಿಕೊಂಡು ಒಳಗೆ ಹೊಸ ಬೋರ್ಡು, ಹೊಸ ರೇಡಿಯೊ, ಹೊಸ ಬ್ಯಾಟರಿ ಕೂರಿಸಬೇಕೆಂದಿದ್ದಳು. ಅಪ್ಪ ಇನ್ನೊಮ್ಮೆ ಹಾರಿಸಿದರೆ ಎದೆಯ ಭಾರ ಇಳಿದೀತು ಎಂದು ಅವಳ ಆಸೆ.

ಆ ಭಾನುವಾರ ಮೇಜಿನ ಮೇಲೆ ಅದನ್ನು ಕಂಡ ಹರಿಹರ ಕಾಫಿ ಲೋಟ ಕೆಳಗಿಟ್ಟರು.

"ಇದನ್ನ ಯಾಕಮ್ಮಾ ಇಳಿಸಿದೆ?"

"ರಿಪೇರಿ ಮಾಡ್ತೀನಿ, ಮಾಮಾ."

"ಚುಮ್ಮಾ ಯಾಕೆ ಬಿಚ್ಚೋದು? ನಂಗೆ ಕೊಡು, ನಾನೇ ನೋಡ್ತೀನಿ. ಆಗೆಲ್ಲ ಸರ್ವೀಸ್ ಮಾಡ್ತಿದ್ದದ್ದು ನಾನೇ ತಾನೆ."

ಸೋಮವಾರ ಫೋನ್ ಮಾಡಿ ಬಿಚ್ಚಿದೆಯಾ ಎಂದು ಕೇಳಿದರು. ಮಂಗಳವಾರ ಅವಳು ಆಫೀಸಿನಲ್ಲಿದ್ದಾಗ ಮನೆಗೇ ಬಂದು ಕೇಳಿದರಂತೆ, ಪಂಢರಿನಾಥರು ಕೊಟ್ಟಿರಲಿಲ್ಲ.

ಬುಧವಾರ ಸಂಜೆ ಅವಳು ಹಿಂಬದಿಯ ಸ್ಕ್ರೂ ತೆಗೆದಳು. ಏರಿಯಲ್ಲಿಗೆ ಕಟ್ಟಿದ್ದ ರಿಬ್ಬನ್ ಹಳದಿ. ಒಳಗೆ ಸಿಕ್ಕಿಸಿದ್ದ, ಸೆಟ್ಟಿನ ಫ್ರೀಕ್ವೆನ್ಸಿ ನಿರ್ಧರಿಸುವ ಪುಟ್ಟ ಕ್ರಿಸ್ಟಲ್ಲಿನ ಮೇಲಿನ ಚುಕ್ಕೆ ಕೆಂಪು.

"ಅಪ್ಪಾ, ಈ ಬಣ್ಣ ಯಾಕೆ?"

"ಬಣ್ಣ ಅಂದ್ರೆ ಫ್ರೀಕ್ವೆನ್ಸಿ. ಒಬ್ಬೊಬ್ಬರದು ಒಂದೊಂದು. ಒಂದೇ ಬಣ್ಣದ ಎರಡು ಸೆಟ್ ಒಟ್ಟಿಗೆ ಆನ್ ಆದ್ರೆ ವಿಮಾನ ಯಾರ ಮಾತೂ ಕೇಳಲ್ಲ. ನಂದು ಹಳದಿ."

"ಕೆಂಪು ಯಾರದು?"

ಅವರು ಎದ್ದು ಬಂದು, ಕನ್ನಡಕ ಸರಿಮಾಡಿಕೊಂಡು ಆ ಚುಕ್ಕೆಯನ್ನೇ ಬಹಳ ಹೊತ್ತು ನೋಡಿದರು.

"ಹರೀದು. ಹಿಂದಿನ ದಿನ ಸೆಟ್ಟು, ವಿಮಾನ ಎರಡನ್ನೂ ಸರ್ವೀಸಿಗೆ ಅವನೇ ತಗೊಂಡು ಹೋಗಿದ್ದ. ನಾನು ಹಾರಿಸ್ತಿದ್ದಾಗ ಅವನು ಮರದ ಕೆಳಗೆ ಕೂತು ತನ್ನ ಸೆಟ್ ನೋಡ್ಕೋತಿದ್ದ."

"ಅವರನ್ನೇ ಕೇಳೋಣವಾ?"

"ಬೇಡ. ನೀನು ನಿನ್ನ ಕೆಲಸ ಮುಗಿಸು."

ಅವರು ರೇಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅದರ ಬದಲು ದಿನಾ ಅವಳ ಪಕ್ಕ ಕೂತು ಒಂದೊಂದು ಬೆಸುಗೆಯನ್ನೂ ನೋಡಿದರು.

"ಹೊಸದ್ರಲ್ಲಿ ಇನ್ನೊಬ್ಬರ ಸೆಟ್ ಅಡ್ಡ ಬರತ್ತಾ?"

"ಇಲ್ಲಪ್ಪ. ಇದು ಒಂದು ವಿಮಾನದ ಜೊತೆ ಜೋಡಿಯಾದ್ರೆ ಮುಗೀತು."

"ಅಂದ್ರೆ ಏನಾದ್ರೂ ಅದು ನನ್ನ ಕೈಯೇ."

ಕೆಲಸ ಮುಗಿದ ಮೇಲೆ ಅಭ್ಯಾಸಕ್ಕೆಂದು ಅವಳು ಸೆಟ್ಟನ್ನು ಲ್ಯಾಪ್‌ಟಾಪಿಗೆ ಜೋಡಿಸಿಕೊಟ್ಟಳು. ಪರದೆಯ ಮೇಲೆ ಅವರು ಅಭ್ಯಾಸ ಮಾಡಿದ್ದು ಒಂದೇ: ವಿಮಾನವನ್ನು ನೇರ ನೆಲಕ್ಕೆ ಇಳಿಸುವುದು, ಕೊನೆಯ ಗಳಿಗೆಯಲ್ಲಿ ಮೇಲೆತ್ತುವುದು. ಹತ್ತರಲ್ಲಿ ಮೂರು ಸಲ ನೆಲಕ್ಕೆ ಬಡಿಯುತ್ತಿತ್ತು. ಹದಿನೈದು ದಿನದ ನಂತರ ಹರಿಹರನಿಗೆ ತಾವೇ ಫೋನ್ ಮಾಡಿ ಕರೆದರು.

ಭಾನುವಾರ ಬೆಳಿಗ್ಗೆ ಮೂವರೂ, ಸುಮೇಧಾ ಕೊಂಡಿದ್ದ ಹೊಸ ಮಾಡೆಲ್ ವಿಮಾನವನ್ನು ಇಟ್ಟುಕೊಂಡು, ಅವಳ ಕಾರಿನಲ್ಲಿ ಊರಾಚೆಯ ಒಣಗಿದ ಕೆರೆಯಂಗಳಕ್ಕೆ ಹೋದರು.

"ಅಲ್ಲಿ ನಿಂತ್ಕೋ ಹರಿ" ಎಂದರು ಪಂಢರಿನಾಥರು. "ಮಹದೇವ ಎಷ್ಟು ದೂರದಲ್ಲಿದ್ನೋ, ಅಷ್ಟು ದೂರ."

ಹರಿಹರ ಸುಮೇಧಾಳತ್ತ ಒಮ್ಮೆ ನೋಡಿ, ಹೋಗಿ ನಿಂತರು.

ವಿಮಾನ ಏರಿತು, ಎರಡು ಸುತ್ತು ಹಾಕಿತು, ಮೂತಿ ತಗ್ಗಿಸಿತು. ಮೋಟಾರಿನ ಸದ್ದು ಚೂಪಾಗುತ್ತ ಬಂತು. "ಅಪ್ಪಾ" ಎಂದಳು ಸುಮೇಧಾ. ಹರಿಹರ ಓಡಲಿಲ್ಲ; ಕಣ್ಣು ಮುಚ್ಚಿಕೊಂಡರು. ಅವರ ತಲೆಯಿಂದ ಆಳೆತ್ತರದಲ್ಲಿ ವಿಮಾನ ಮೇಲೆದ್ದು ಹೋಯಿತು.

"ನನ್ನ ಕೈ ಅವತ್ತೂ ಸರಿಯಾಗೇ ಇತ್ತು. ಅಲ್ವಾ ಹರಿ?"

ಹರಿಹರ ಕಣ್ಣು ತೆರೆದರು. "ನಿನ್ನ ಕ್ರಿಸ್ಟಲ್ ನನ್ನ ಕೈಯಿಂದ ಬಿದ್ದು ಹಾಳಾಯ್ತು, ಪಂಢರಿ. ನನ್ನ ಹತ್ರ ಇದ್ದ ಇನ್ನೊಂದು ಕೆಂಪು ಜೋಡಿಯನ್ನ ನಿನ್ನ ಸೆಟ್ಟಿಗೂ ವಿಮಾನಕ್ಕೂ ಹಾಕಿದೆ. ಬೆಳಿಗ್ಗೆ ಹೇಳಬೇಕು ಅಂತಿದ್ದೆ. ಮರೆತು ನನ್ನ ಸೆಟ್ ಆನ್ ಮಾಡ್ಬಿಟ್ಟೆ."

"ಆಮೇಲೆ?"

"ಆಮೇಲೆ ನೀನೇ ತಪ್ಪು ನಂದು ಅಂದೆ. ತಮ್ಮನನ್ನ ಕೊಂದದ್ದು ನಾನು ಅಂತ ನಮ್ಮಮ್ಮನಿಗೆ ಹೇಗೆ ಹೇಳ್ಲಿ?"

ವಿಮಾನ ಇನ್ನೊಂದು ಸುತ್ತು ಬಂದಿತ್ತು. ಪಂಢರಿನಾಥರ ಹೆಬ್ಬೆರಳು ಸ್ಟಿಕ್ಕನ್ನು ಮತ್ತೆ ಮುಂದಕ್ಕೆ ದೂಡಿ ವಿಮಾನದ ಮೂತಿಯನ್ನು ಹರಿಹರನತ್ತ ತಗ್ಗಿಸುವುದನ್ನು ಸುಮೇಧಾ ಕಂಡಳು. ಸೆಟ್ ಕಿತ್ತುಕೊಂಡು, ಮೋಟಾರ್ ನಿಲ್ಲಿಸಿ ವಿಮಾನವನ್ನು ಪಕ್ಕಕ್ಕೆ ಹೊರಳಿಸಿದಳು. ಅದು ದೂರದ ಜೊಂಡಿನಲ್ಲಿ ಬಿದ್ದು ಮುರಿಯಿತು.

ವಾಪಸು ಬರುವಾಗ ಹರಿಹರ ವೇಲಚೇರಿ ಸ್ಟೇಷನ್ ಹತ್ತಿರ ಇಳಿದು, ತಿರುಗಿ ನೋಡದೆ ಮೆಟ್ಟಿಲು ಹತ್ತಿದರು.

"ಎರಡನೇ ಸಲ ಮೇಲೆತ್ತುತ್ತಿದ್ರಾ ಅಪ್ಪಾ?" ಎಂದು ಕೇಳಿದಳು ಸುಮೇಧಾ.

ಪಂಢರಿನಾಥರು ತಮ್ಮ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು ಕೂತಿದ್ದರು.

"ಗೊತ್ತಿಲ್ಲಮ್ಮಾ" ಎಂದರು.